ನಾಯಿಗೆ ಕೆಲಸವಿಲ್ಲ

ನಾಯಿಗೆ ಕೆಲಸವಿಲ್ಲ, ನಿಲ್ಲೋಕೆ ಪುರುಸೊತ್ತಿಲ್ಲ. ಈ ಗಾದೆಯನ್ನು ನಾವು ಮನುಷ್ಯರ ಮೇಲೆಯೇ ಹೆಚ್ಚು ಪ್ರಯೋಗಿಸುತ್ತೇವೆ. ಕಡತ ಹಿಡಿದು ಕಚೇರಿಯ ಕಾರಿಡಾರಿನಲ್ಲಿ ಸುತ್ತುವ ಗುಮಾಸ್ತನ ಮೇಲೆ, ಮದುವೆಮನೆಯಲ್ಲಿ ಒಂದು ಹೂವಿನ ಬುಟ್ಟಿ ಹಿಡಿದು ಹತ್ತು ಸಲ ಓಡಾಡುವ ಚಿಕ್ಕಪ್ಪನ ಮೇಲೆ. ಗಾದೆ ಕಟ್ಟಿದವರು ನಾಯಿಯನ್ನೂ ಚೆನ್ನಾಗಿ ನೋಡಿದ್ದರು ಎಂಬುದು ಮರೆತೇಹೋಗಿದೆ. ಒಂದೇ ಸಾಲಿನಲ್ಲಿ ರೋಗವನ್ನೂ ಹೇಳಿದ್ದಾರೆ, ರೋಗದ ಮೂಲವನ್ನೂ ಹೇಳಿದ್ದಾರೆ. ಕೆಲಸವಿಲ್ಲ, ಅದಕ್ಕೇ ನಿಲ್ಲಲಾಗುತ್ತಿಲ್ಲ. ಇವತ್ತು ನಾಯಿ ಸಾಕುವ ನಾವು ಗಾದೆಯ ಮೊದಲರ್ಧವನ್ನು ಕಿವಿಗೆ ಹಾಕಿಕೊಳ್ಳದೆ, ನಿಲ್ಲದ ನಾಯಿಯನ್ನು ನಿಲ್ಲಿಸುವುದು ಹೇಗೆಂದು ತಲೆ ಕೆಡಿಸಿಕೊಂಡಿದ್ದೇವೆ.

ನಾವು ಕಂಡುಕೊಂಡಿರುವ ಉತ್ತರ ನೋಡಬೇಕಾದರೆ ಬೆಳಿಗ್ಗೆ ಆರಕ್ಕೆ ಮೈಸೂರಿನ ಯಾವುದಾದರೂ ಬಡಾವಣೆಯ ರಸ್ತೆಗೆ ಬನ್ನಿ. ಒಬ್ಬ ಸ್ಕೂಟರಿನಲ್ಲಿ ಬರುತ್ತಾನೆ. ಬಲಗೈ ಆಕ್ಸಿಲರೇಟರಿನ ಮೇಲೆ, ಎಡಗೈಯಲ್ಲಿ ಸರಪಳಿ. ಸರಪಳಿಯ ತುದಿಯಲ್ಲಿ ನಾಲಿಗೆಯನ್ನು ಮೊಳದುದ್ದ ಚಾಚಿ ಡಾಂಬರಿನ ಮೇಲೆ ಓಡುವ ನಾಯಿ. ನೋಡಿದವರಿಗೆಲ್ಲ ಮೆಚ್ಚುಗೆ: ಪರವಾಗಿಲ್ಲ, ಹುಡುಗ ನಾಯಿಗೆ ವ್ಯಾಯಾಮ ಮಾಡಿಸುತ್ತಾನೆ. ಬೆಂಗಳೂರಿನ ಅಪಾರ್ಟ್‌ಮೆಂಟಿನವರಿಗೆ ಅಷ್ಟೂ ಪುರುಸೊತ್ತಿಲ್ಲದೆ, ತಿಂಗಳಿಗಿಷ್ಟು ಎಂದು ಮಾತಾಡಿಕೊಂಡ ಹುಡುಗನೊಬ್ಬ ನಾಲ್ಕೈದು ನಾಯಿಗಳನ್ನು ಒಟ್ಟಿಗೆ ಎಳೆದುಕೊಂಡು ಹೋಗುತ್ತಾನೆ. ಎಲ್ಲರ ಬಾಯಲ್ಲೂ ಒಂದೇ ಮಂತ್ರ: ಸುಸ್ತಾದ ನಾಯಿಯೇ ಒಳ್ಳೆಯ ನಾಯಿ. ನಾಯಿ ಚೂಟಿಯಾಗಿದೆಯೇ, ಚಪ್ಪಲಿ ಕಚ್ಚುತ್ತದೆಯೇ, ಬಂದವರ ಮೇಲೆ ಹಾರುತ್ತದೆಯೇ? ಓಡಿಸಿ, ಸುಸ್ತು ಮಾಡಿಸಿ, ತಾನೇ ತೆಪ್ಪಗಾಗುತ್ತದೆ. ಪಶುವೈದ್ಯರ ಬಾಗಿಲಲ್ಲಿ ಕಾದು ಕೂತವರಿಂದ ಹಿಡಿದು ಎದುರುಮನೆಯ ನಿವೃತ್ತ ಸಾಹೇಬರವರೆಗೆ ಎಲ್ಲರೂ ಹೇಳುವ ಈ ಮಾತು ತಪ್ಪು. ತಪ್ಪಷ್ಟೇ ಆಗಿದ್ದರೆ ಬಿಟ್ಟುಬಿಡಬಹುದಿತ್ತು. ನಾಯಿಯ ಚೈತನ್ಯವನ್ನೇ ದೋಷವೆಂದು ಕಾಣುವ ಕಣ್ಣು ಅದರ ಹಿಂದಿದೆ. ಆ ಕಣ್ಣಿನ ಮೇಲೆ ನನ್ನ ತಕರಾರು.

ತಕರಾರು ಹೂಡುವವನು ಮೊದಲು ತನ್ನ ಪಾಪ ಒಪ್ಪಿಕೊಳ್ಳಬೇಕು. ಸ್ಕೂಟರಿನಲ್ಲಿ ನಾಯಿ ಓಡಿಸಿದವರಲ್ಲಿ ನಾನೂ ಒಬ್ಬ. ನಮ್ಮ ಕೆಂಪಿ ಜಮಖಂಡಿಯ ಕಡೆಯಿಂದ ಬಂದವಳು. ತಾಯಿ ಮುಧೋಳ, ತಂದೆ ಯಾರೋ. ಎಂಟು ತಿಂಗಳಿಗೆ ಅವಳು ಮೂರು ಜೊತೆ ಚಪ್ಪಲಿ, ಸೋಫಾದ ಒಂದು ಕೈ, ಅಮ್ಮನ ಪಂಚಾಂಗ ಮುಗಿಸಿದ್ದಳು. ಎದುರುಮನೆಯ ಸಾಹೇಬರು, "ಇನ್ನೆರಡು ರೌಂಡು ಹೊಡೆಸಿ ಸಾರ್" ಎಂದರು. ಹೊಡೆಸಿದೆ. ಮೊದಲ ವಾರ ಮೂರು ಕಿಲೋಮೀಟರು. ಮನೆಗೆ ಬಂದು ಬಿದ್ದುಕೊಂಡಳು, ನನಗೆ ಗೆದ್ದ ಸಂತೋಷ. ಮೂರನೆಯ ವಾರಕ್ಕೆ ಮೂರು ಕಿಲೋಮೀಟರು ಅವಳಿಗೆ ಹಲ್ಲುಜ್ಜಿದಷ್ಟು ಸಲೀಸಾಯಿತು. ಐದಕ್ಕೇರಿಸಿದೆ, ಆಮೇಲೆ ಏಳು. ಎರಡು ತಿಂಗಳಲ್ಲಿ ನನ್ನ ಮನೆಯಲ್ಲಿದ್ದದ್ದು ಮೊದಲಿಗಿಂತ ಗಟ್ಟಿ ತೊಡೆಯ, ಮೊದಲಿಗಿಂತ ಉದ್ದ ಉಸಿರಿನ, ಸೋಫಾದ ಎರಡನೆಯ ಕೈಯನ್ನು ಮೊದಲನೆಯದಕ್ಕಿಂತ ಬೇಗ ಹರಿಯಬಲ್ಲ ನಾಯಿ.

ಇದರಲ್ಲಿ ಆಶ್ಚರ್ಯಪಡುವುದಕ್ಕೆ ಏನಿದೆ? ಗರಡಿಮನೆಗೆ ಹೋದ ಹುಡುಗ ಆರು ತಿಂಗಳ ಮೇಲೆ ಬಡಕಲಾಗಿ ಹೊರಬರುತ್ತಾನೆಯೇ? ಸುಸ್ತುವಾದಿಗಳು ನಾಯಿಯ ಮೈಯನ್ನು ಮಾಳಿಗೆಯ ಮೇಲಿನ ನೀರಿನ ಟ್ಯಾಂಕು ಎಂದುಕೊಂಡಿದ್ದಾರೆ. ತುಂಬಿದ್ದರೆ ನಲ್ಲಿ ತಿರುಗಿಸಿ ಖಾಲಿ ಮಾಡಿದರಾಯಿತು. ಮಾಂಸಖಂಡದ ಲೆಕ್ಕ ಹಾಗೆ ನಡೆಯುವುದಿಲ್ಲ. ಇವತ್ತು ಖರ್ಚಾದದ್ದನ್ನು ಅದು ನಾಳೆ ಬಡ್ಡಿ ಸೇರಿಸಿ ತುಂಬಿಟ್ಟುಕೊಳ್ಳುತ್ತದೆ. ದಿನಕ್ಕೆ ಐವತ್ತು ಸಲ ಚೆಂಡೆಸೆಯುವವರ ಕತೆಯೂ ಇದೇ. ಎಸೆ, ಓಡು, ತಾ, ಎಸೆ. ಐವತ್ತನೆಯ ಸಲಕ್ಕೆ ನಾಯಿಯ ಕಣ್ಣು ನೋಡಿ. ಅಲ್ಲಿ ತೃಪ್ತಿ ಕಾಣುವುದಿಲ್ಲ, ಜೂಜಿನ ಅಡ್ಡೆಯಿಂದ ಎದ್ದು ಬರಲಾರದವನ ಚಡಪಡಿಕೆ ಕಾಣುತ್ತದೆ. ಇನ್ನೂ ಮೂಳೆ ಬಲಿಯದ ಮರಿಯಾದರೆ ಗಟ್ಟಿ ನೆಲದ ಮೇಲಿನ ಆ ಓಟ, ಆ ತಟ್ಟನೆ ತಿರುಗುವುದು ಕೀಲುಗಳಿಗೂ ಒಳ್ಳೆಯದಲ್ಲ.

ನನ್ನ ಕಣ್ಣು ತೆರೆಸಿದ್ದು ಯಾವ ಪುಸ್ತಕವೂ ಅಲ್ಲ, ಕೆಂಪಿಯನ್ನು ಕೊಟ್ಟ ಜಮಖಂಡಿಯ ಭಾವ. ಫೋನಿನಲ್ಲಿ ನನ್ನ ಗೋಳು ಕೇಳಿ ನಕ್ಕರು. "ಹೊಲಕ್ಕ ಹೋಗೋ ನಾಯಿ ಅದು. ನೀ ಮನಿಯಾಗ ಕೂಡಿಸಿದ್ರ ಅದರ ತಲಿ ಏನ್ ಮಾಡಬೇಕು?" ಅಂದರು. ಕಾಲು ಎನ್ನಲಿಲ್ಲ, ತಲೆ ಎಂದರು.

ಮುಧೋಳ ನಾಯಿಯ ತಲೆ ಎಂಥದ್ದು ನೋಡಿ. ಉದ್ದ ಮೂತಿ, ಅತ್ತಿತ್ತ ಅಗಲಕ್ಕೆ ನೋಡಬಲ್ಲ ಕಣ್ಣು. ಬಯಲಿನಲ್ಲಿ ಮೊಲವನ್ನು ದೂರದಿಂದ ಗುರುತಿಸಿ, ಅದು ಯಾವ ಕಡೆ ತಿರುಗೀತೆಂದು ಓಡುತ್ತಲೇ ಅಂದಾಜಿಸಿ, ಅಡ್ಡ ಹಾಕಿ ಹಿಡಿಯುವುದು ಅದರ ಕುಲಕಸುಬು. ಅಲ್ಲಿ ಓಟ ಕಸುಬಿನ ಒಂದು ಭಾಗ ಮಾತ್ರ. ಅದಕ್ಕೆ ಮೊದಲು ಹುಡುಕಾಟವಿದೆ, ಕಾಯುವುದಿದೆ, ತೀರ್ಮಾನವಿದೆ. ಕೊನೆಯಲ್ಲಿ ಹಿಡಿದ ತೃಪ್ತಿಯಿದೆ. ಸ್ಕೂಟರಿನ ಪಕ್ಕ ಓಡಿಸಿದಾಗ ನಾನು ಮಾಡಿದ್ದು ತಲೆಬುಡ ಎರಡನ್ನೂ ಕತ್ತರಿಸಿ, ನಡುವಿನ ಬೆವರನ್ನಷ್ಟೇ ಅವಳಿಗೆ ಬಡಿಸಿದ್ದು.

ನಾವು 'ಜಾತಿ ನಾಯಿ' ಎಂದು ಸಾವಿರಗಟ್ಟಲೆ ಎಣಿಸಿ ತರುವ ಒಂದೊಂದು ತಳಿಯೂ ಒಂದೊಂದು ಉದ್ಯೋಗದ ಹೆಸರು. ಲ್ಯಾಬ್ರಡಾರಿನ ಪೂರ್ವಿಕರು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕರಾವಳಿಯಲ್ಲಿ ಮೀನುಗಾರರ ಜೊತೆ ದುಡಿದವರು. ಬೀಗಲ್ ಎಂದರೆ ಮೊಲದ ವಾಸನೆಯ ಜಾಡು ಹಿಡಿಯುವುದಕ್ಕೆಂದು ಬೆಳೆಸಿದ ಮೂಗು. ಜರ್ಮನಿಯಲ್ಲಿ 1899ರಲ್ಲಿ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಜರ್ಮನ್ ಶೆಪರ್ಡ್ ತಳಿಗೆ ಸಂಘ ಕಟ್ಟಿದ್ದು ಕುರಿ ಕಾಯುವ ನಾಯಿಗಳನ್ನು ಒಟ್ಟುಗೂಡಿಸಿ. ಸೈಬೀರಿಯಾದ ಹಿಮದಲ್ಲಿ ಬಂಡಿ ಎಳೆಯಬೇಕಾದ ಹಸ್ಕಿಯನ್ನು ವೈಟ್‌ಫೀಲ್ಡಿನ ಎಂಟನೆಯ ಮಹಡಿಗೆ ಏರಿಸಿದವರ ಬಗ್ಗೆ ನಾನು ಏನೂ ಹೇಳುವುದಿಲ್ಲ. ಹೇಳಿದರೆ ಈ ಲೇಖನ ಬೇರೆ ಕಡೆ ಹೋದೀತು. ಉದ್ಯೋಗವನ್ನು ರದ್ದು ಮಾಡಿ ಉದ್ಯೋಗಿಯನ್ನು ಮನೆಯಲ್ಲಿ ಇಟ್ಟುಕೊಂಡಿದ್ದೇವೆ. ಅವನು ಕಿಟಕಿಯ ಪರದೆ ಎಳೆದರೆ ತಂಟೆಕೋರ ಎನ್ನುತ್ತೇವೆ.

ಕೆಲಸವಿದ್ದ ನಾಯಿಗೆ ಈ ನಾಡಿನಲ್ಲಿ ಎಂಥ ಮರ್ಯಾದೆ ಇತ್ತೆಂಬುದಕ್ಕೆ ಕಲ್ಲಿನ ಸಾಕ್ಷಿಯೇ ಇದೆ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ, ಕ್ರಿ.ಶ. 949–50ರದು. ತಕ್ಕೋಲದ ಯುದ್ಧದ ನಂತರ ಗಂಗರ ಇಮ್ಮಡಿ ಬೂತುಗ ಮೆಚ್ಚಿ ಏನು ಬೇಕೆಂದು ಕೇಳಿದಾಗ ಅವನ ಬಂಟ ಮಣಲೆರ ಕೇಳಿದ್ದು 'ಕಾಳಿ' ಎಂಬ ಬೇಟೆನಾಯಿಯನ್ನು. ಆ ಕಾಳಿ ಕಾಡುಹಂದಿಯೊಂದಿಗೆ ಸೆಣಸಿ, ಎರಡೂ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹಿಂದೆ ಎಲ್ಲವೂ ಸರಿಯಿತ್ತು ಎಂದು ವಾದಿಸಲು ಇದನ್ನು ಎತ್ತಿದ್ದಲ್ಲ. ಕಾಳಿ ಸತ್ತದ್ದು ಮನುಷ್ಯರ ಮೋಜಿಗೆ. ಆದರೆ ನಾಯಿಯೆಂದರೆ ಅದು ಮಾಡುವ ಕೆಲಸ ಎಂಬುದು ಮಣಲೆರನಿಗೆ ಗೊತ್ತಿತ್ತು. ಇಷ್ಟು ದೂರ ಹೋಗುವುದೂ ಬೇಡ. 'ಕರ್ವಾಲೊ' ಕಾದಂಬರಿ ಓದಿದವರಿಗೆಲ್ಲ ತೇಜಸ್ವಿಯವರ ನಾಯಿ 'ಕಿವಿ' ಗೊತ್ತು. ಆ ನಾಯಿಯನ್ನು ದಿನಾ ಎಷ್ಟು ಕಿಲೋಮೀಟರು ಓಡಿಸಬೇಕು ಎಂದು ಯಾರಾದರೂ ಕೇಳಿದ್ದುಂಟೇ? ಕಾಡಿನ ಒಂದೊಂದು ಪೊದೆಯೂ ಅದಕ್ಕೆ ಒಂದೊಂದು ಪ್ರಶ್ನೆಯಾಗಿತ್ತು.

ಸುಸ್ತಿನ ಮಂತ್ರ ಫಲಿಸದಾಗ ಎರಡನೆಯ ಮಂತ್ರ ಹೊರಬರುತ್ತದೆ. ದಂಡಂ ದಶಗುಣಂ. ನಾಯಿಗೆ ಯಜಮಾನ ಯಾರೆಂದು ತೋರಿಸಬೇಕಂತೆ. ನಾನು ಕರೆಸಿದ್ದ ತರಬೇತುದಾರನೊಬ್ಬ ಮೊದಲ ದಿನವೇ ಚೋಕ್ ಚೈನ್ ತಂದಿದ್ದ. ಎಳೆದಷ್ಟೂ ಕತ್ತು ಬಿಗಿಯುವ ಸರಪಳಿ. "ಇದು ಆಲ್ಫಾ ಆಗೋಕೆ ನೋಡ್ತಿದೆ ಸಾರ್, ಮೊದಲೇ ಬಗ್ಗಿಸಬೇಕು" ಎಂದ. ಕೆಂಪಿಗೆ ಆಗ ಹಾಲುಹಲ್ಲು ಬಿದ್ದು ಕೆಲವೇ ತಿಂಗಳಾಗಿತ್ತು. ಸಾಮ್ರಾಜ್ಯ ಕಟ್ಟುವ ಯೋಚನೆ ಅವಳಿಗಿದ್ದಂತೆ ನನಗೆ ಕಾಣಲಿಲ್ಲ.

ಈ 'ಆಲ್ಫಾ' ಎಲ್ಲಿಂದ ಬಂತು? ರುಡಾಲ್ಫ್ ಶೆಂಕೆಲ್ ಎಂಬ ವಿದ್ವಾಂಸ ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದ ತೋಳಗಳನ್ನು ನೋಡಿ 1947ರಲ್ಲಿ ಬರೆದ ಪ್ರಬಂಧದಿಂದ. ಅಲ್ಲಿ ಇದ್ದದ್ದು ಸೆರೆಯಲ್ಲಿಟ್ಟ ತೋಳಗಳು. ಅಪರಿಚಿತರನ್ನು ಒಂದೇ ಕೋಣೆಯಲ್ಲಿ ಕೂಡಿಹಾಕಿದರೆ ಜಗಳವಾಗುತ್ತದೆ, ಒಬ್ಬ ಮೇಲಾಗುತ್ತಾನೆ. ಇದನ್ನು ತಿಳಿಯಲು ತೋಳವೇ ಬೇಕಾಗಿರಲಿಲ್ಲ. ಅಮೆರಿಕದ ಡೇವಿಡ್ ಮೆಕ್ 1970ರ ತನ್ನ ಪುಸ್ತಕದಲ್ಲಿ ಈ ಮಾತನ್ನು ಜನಪ್ರಿಯ ಮಾಡಿದ. ಆಮೇಲೆ 1986ರಿಂದ ಬೇಸಿಗೆ ಬೇಸಿಗೆಗೂ ಕೆನಡಾದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪದಲ್ಲಿ ಕಾಡುತೋಳಗಳ ಹತ್ತಿರವೇ ಇದ್ದು ನೋಡಿದ. ಹಿಂಡು ಎಂದರೆ ಅಪ್ಪ, ಅಮ್ಮ, ಅವರ ಮಕ್ಕಳು. ಪಟ್ಟಕ್ಕಾಗಿ ಕಾದಾಟವಿಲ್ಲ, ಇದ್ದದ್ದು ಸಂಸಾರ. 1999ರಲ್ಲಿ ಅವನೇ ಪ್ರಬಂಧ ಬರೆದು ಆಲ್ಫಾ ಎಂಬ ಪದ ಇಲ್ಲಿ ಹೊಂದುವುದಿಲ್ಲ ಎಂದ, ತನ್ನ ಹಳೆಯ ಪುಸ್ತಕದ ಮರುಮುದ್ರಣ ನಿಲ್ಲಿಸಿ ಎಂದು ಪ್ರಕಾಶಕರಿಗೆ ದುಂಬಾಲು ಬಿದ್ದ. ಹೇಳಿದವನೇ ವಾಪಸು ತೆಗೆದುಕೊಂಡ ಮಾತನ್ನು ನಮ್ಮ ತರಬೇತುದಾರರು ಇನ್ನೂ ಗಂಟೆಗಿಷ್ಟು ಎಂದು ಮಾರುತ್ತಿದ್ದಾರೆ. ಅದೂ ತೋಳದ ವಿಷಯ. ಸಾವಿರಾರು ವರ್ಷಗಳಿಂದ ನಮ್ಮ ಒಲೆಯ ಪಕ್ಕ ಮಲಗಿದ ನಾಯಿಯ ವಿಷಯವಲ್ಲ.

ಹೊಡೆದರೆ ನಾಯಿ ತೆಪ್ಪಗಾಗುವುದಿಲ್ಲವೇ? ಆಗುತ್ತದೆ. ತೆಪ್ಪಗಾಗುವುದಕ್ಕೂ ಕಲಿಯುವುದಕ್ಕೂ ಇರುವ ದೂರ, ಬೆತ್ತದ ಮೇಷ್ಟರ ತರಗತಿಯಲ್ಲಿ ಕೂತು ಬಂದ ನಮ್ಮ ತಲೆಮಾರಿಗೆ ಬೇರೆಯವರು ಹೇಳಬೇಕಾಗಿಲ್ಲ. ಪೋರ್ಚುಗಲ್ಲಿನಲ್ಲಿ 92 ಸಾಕುನಾಯಿಗಳನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಎಳೆದು, ಗದರಿಸಿ, ನೋಯಿಸಿ ಕಲಿಸುವ ಶಾಲೆಗಳ ನಾಯಿಗಳೂ ತಿನಿಸು, ಆಟ ಕೊಟ್ಟು ಕಲಿಸುವ ಶಾಲೆಗಳ ನಾಯಿಗಳೂ ಅದರಲ್ಲಿದ್ದವು. ಮೊದಲನೆಯವುಗಳಲ್ಲಿ ಪಾಠದ ನಂತರ ಜೊಲ್ಲಿನಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಏರಿತ್ತು. ಪಾಠದ ಹೊತ್ತಿನಲ್ಲಿ ಅವು ತುಟಿ ನೆಕ್ಕಿಕೊಳ್ಳುವುದು, ಆಕಳಿಸುವುದು ಹೆಚ್ಚು. ಆಕಳಿಕೆ ಎಂದರೆ ನಿದ್ದೆ ಎಂದುಕೊಳ್ಳುವ ನಾವು ನಾಯಿಯ ಅಂಜಿಕೆಯನ್ನು ಎಷ್ಟು ಸಲ ಸೋಮಾರಿತನವೆಂದು ಓದಿದ್ದೇವೋ.

ಅದೇ ಅಧ್ಯಯನದಲ್ಲಿ ಒಂದು ಬಟ್ಟಲಿನ ಪರೀಕ್ಷೆಯೂ ಇತ್ತು. ಒಂದು ಜಾಗದಲ್ಲಿ ಬಟ್ಟಲಿಟ್ಟರೆ ಅದರಲ್ಲಿ ತಿನಿಸಿರುತ್ತದೆ, ಇನ್ನೊಂದು ಜಾಗದಲ್ಲಿಟ್ಟರೆ ಖಾಲಿ. ನಾಯಿ ಇದನ್ನು ಕಲಿತ ಮೇಲೆ ಎರಡರ ನಡುವೆ ಬಟ್ಟಲಿಡುತ್ತಾರೆ. ಇದ್ದೀತು ಎಂದು ಬೇಗ ಹೋಗುತ್ತದೆಯೋ, ಇರಲಾರದೆಂದು ಕಾಲೆಳೆಯುತ್ತದೆಯೋ? ದಂಡದ ಪಾಠ ಹೆಚ್ಚಿದ್ದ ನಾಯಿಗಳು ಕಾಲೆಳೆದವು. ಇದೇ ಬಗೆಯ ಬಟ್ಟಲನ್ನು ಷಾರ್ಲೊಟ್ ಡುರಾಂಟನ್ ಮತ್ತು ಅಲೆಕ್ಸಾಂಡ್ರಾ ಹೊರೊವಿಟ್ಸ್ ಇನ್ನೊಂದು ಪ್ರಶ್ನೆಗೆ ಬಳಸಿದರು. ಕೆಲವು ನಾಯಿಗಳಿಗೆ ಎರಡು ವಾರ ಮೂಸಿ ಹುಡುಕುವ ಆಟ, ಇನ್ನು ಕೆಲವಕ್ಕೆ ಯಜಮಾನನ ಕಾಲಿಗಂಟಿ ಶಿಸ್ತಾಗಿ ನಡೆಯುವ ಅಭ್ಯಾಸ. ಎರಡರಲ್ಲೂ ತಿನಿಸು ಇತ್ತು, ಎರಡರಲ್ಲೂ ಮೈ ಆಡಿತ್ತು. ನಡುವಿನ ಬಟ್ಟಲಿಗೆ ಮೊದಲಿಗಿಂತ ಬೇಗ ಹೋದದ್ದು ಮೂಸಿದ ನಾಯಿಗಳು. 2019ರ ಈ ಪ್ರಯೋಗ ಚಿಕ್ಕದು, 20 ನಾಯಿಗಳದ್ದು. ಇದೊಂದರಿಂದ ಜಗತ್ತು ತಿರುಗಿಬೀಳುವುದಿಲ್ಲ. ಆದರೆ ಶಿಸ್ತಿನ ನಡಿಗೆಯೇ ನಾಯಿಗೆ ಸರ್ವಸ್ವ ಎನ್ನುವವರು ಇದಕ್ಕೆ ಉತ್ತರ ಕೊಡಬೇಕು.

ಮೂಗಿನ ಮಾತು ಬಂತು. ನಮ್ಮ ಮೂಗಿನಲ್ಲಿ ವಾಸನೆ ಗ್ರಹಿಸುವ ಕೋಶಗಳು ಸುಮಾರು 50–60 ಲಕ್ಷ ಎನ್ನುತ್ತಾರೆ, ನಾಯಿಯದರಲ್ಲಿ ತಳಿಗೆ ತಕ್ಕಂತೆ 30 ಕೋಟಿಯವರೆಗೆ. ಆ ಮೂಗು ಲೈಟ್ ಕಂಬದ ಬುಡಕ್ಕೆ ಹೋದಾಗ, ಬೆಳಗಿನ ಪೇಪರು ಬಿಡಿಸಿದವರ ಮುಖದಲ್ಲಿ ಇರುವ ತನ್ಮಯತೆ ಅದಕ್ಕಿರುತ್ತದೆ. ನಾವು ಸರಪಳಿ ಜಗ್ಗಿ "ನಡಿಯೇ" ಎನ್ನುತ್ತೇವೆ. ನಿಮ್ಮ ಕೈಯ ಪೇಪರನ್ನು ಯಾರಾದರೂ ತಲೆಬರಹ ಓದುವಷ್ಟರಲ್ಲಿ ಕಿತ್ತುಕೊಂಡು, ಪುಟ ತಿರುಗಿಸಿ ಕೈಗೆ ವ್ಯಾಯಾಮವಾಯಿತಲ್ಲ ಎಂದರೆ ಹೇಗಿರುತ್ತದೆ?

ಹಾಗಾದರೆ ಮಾಡಬೇಕಾದದ್ದೇನು? ಆಟ. ಆದರೆ ಹೇಗೆಂದರೆ ಹಾಗೆ ಆಡುವ ಆಟವಲ್ಲ, ಕಟ್ಟಳೆ ಇರುವ ಆಟ. ಲಗೋರಿಗೂ ಕಲ್ಲೆಸೆತಕ್ಕೂ ವ್ಯತ್ಯಾಸ ಇರುವುದು ಕಟ್ಟಳೆಯಲ್ಲೇ. ಹಗ್ಗ ಜಗ್ಗುವ ಆಟವನ್ನೇ ತೆಗೆದುಕೊಳ್ಳಿ. ಇದನ್ನು ಆಡಲೇಬಾರದು, ಆಡಿದರೂ ನಾಯಿಯನ್ನು ಗೆಲ್ಲಿಸಬಾರದು, ಗೆದ್ದ ನಾಯಿ ತಲೆಯ ಮೇಲೆ ಕೂರುತ್ತದೆ ಎಂಬುದು ದಂಡವಾದಿಗಳ ಇನ್ನೊಂದು ಶಾಸ್ತ್ರ. ಬ್ರಿಟನ್ನಿನ ನಿಕೋಲಾ ರೂನಿ ಮತ್ತು ಜಾನ್ ಬ್ರಾಡ್‌ಶಾ 14 ಗೋಲ್ಡನ್ ರಿಟ್ರೀವರ್ ನಾಯಿಗಳೊಂದಿಗೆ ಈ ಆಟವನ್ನು ಒಮ್ಮೆ ಗೆಲ್ಲಿಸುತ್ತ, ಒಮ್ಮೆ ಸೋಲಿಸುತ್ತ ಆಡಿ 2002ರಲ್ಲಿ ವರದಿ ಮಾಡಿದರು. ಗೆದ್ದದ್ದರಿಂದ ಯಾವ ನಾಯಿಯೂ ಧಿಮಾಕು ಕಲಿಯಲಿಲ್ಲ. ಆಡಿದ ಮೇಲೆ ಅವು ಮನುಷ್ಯನ ಮಾತಿಗೆ ಇನ್ನಷ್ಟು ಕಿವಿಗೊಟ್ಟವು.

ನಮ್ಮ ಮನೆಯಲ್ಲಿ ಈ ಆಟಕ್ಕೆ ಹಳೆ ಪಂಚೆಯನ್ನು ಜಡೆ ಹೆಣೆದ ಹಗ್ಗವಿದೆ. "ತಗೋ" ಎಂದಾಗ ಮಾತ್ರ ಕಚ್ಚಬೇಕು. ನಾಲ್ಕು ಜಗ್ಗು, ಆಮೇಲೆ ನನ್ನ ಕೈ ಅಲುಗಾಡದೆ ನಿಲ್ಲುತ್ತದೆ, "ಬಿಡು". ಬಿಟ್ಟ ತಕ್ಷಣ ಮತ್ತೆ "ತಗೋ". ಹಲ್ಲು ಕೈಗೆ ತಾಗಿತೋ, ಆಟ ಮುಗಿಯಿತು. ಬೈಗುಳವಿಲ್ಲ, ಎದ್ದು ಹೋಗುತ್ತೇನೆ. ಮೊದಲ ನಾಲ್ಕು ದಿನ "ಬಿಡು" ಎನ್ನುವುದು ಗೋಡೆಗೆ ಹೇಳಿದಂತಿತ್ತು. ಒಂದು ಸಂಜೆ ಅವಳಿಗೆ ಹೊಳೆಯಿತು: ಬಿಟ್ಟರೇ ಆಟ ಮುಂದುವರಿಯುವುದು. ಬಿಡುವುದೇ ಪಡೆಯುವ ದಾರಿ ಎಂಬುದು ಒಂದು ಜೀವದ ತಲೆಗೆ ಹತ್ತುವ ಕ್ಷಣವನ್ನು ಕಣ್ಣಾರೆ ನೋಡಿದ್ದು ನಾನು ಅದೇ ಮೊದಲು. ಮುಂದಿನ ವಾರ ಬಾಯಲ್ಲಿದ್ದ ಅಮ್ಮನ ಕನ್ನಡಕದ ಡಬ್ಬಿಯನ್ನು ಅದೇ ಮಾತಿಗೆ ಬಿಟ್ಟಳು. ಏಳು ಕಿಲೋಮೀಟರಿನ ಓಟ ಇದನ್ನು ಕಲಿಸಿರಲಿಲ್ಲ, ಏಳು ನೂರು ಕಿಲೋಮೀಟರು ಓಡಿಸಿದ್ದರೂ ಕಲಿಸುತ್ತಿರಲಿಲ್ಲ. ಉತ್ಸಾಹ ತುದಿಗೇರಿದ ಹೊತ್ತಿನಲ್ಲೇ ತನ್ನನ್ನು ತಾನು ಹಿಡಿದುಕೊಳ್ಳುವ ಅಭ್ಯಾಸ ಅದು. ಸುಸ್ತಾಗಿ ಬಿದ್ದ ನಾಯಿಗೆ ಅದನ್ನು ಅಭ್ಯಾಸ ಮಾಡುವ ಅವಕಾಶವೇ ಇರುವುದಿಲ್ಲ.

ಅಮ್ಮ ಇದಕ್ಕಿಂತ ದೊಡ್ಡ ಆಟ ಕಂಡುಹಿಡಿದರು. ಬಟ್ಟೆಯ ಚೂರುಗಳನ್ನು ತುಂಬಿದ ಗೋಣಿಚೀಲ, ಅದರೊಳಗೆ ಕೆಂಪಿಯ ಬೆಳಗಿನ ಊಟದ ಅರ್ಧ ಪಾಲು. ಇಡ್ಲಿ ತಟ್ಟೆಯ ಗುಳಿಗಳಲ್ಲಿ ಎರಡೆರಡು ಕಾಳು ತಿನಿಸು ಹಾಕಿ ಮೇಲೆ ಬಟ್ಟೆ ಮುಚ್ಚುವುದು. ಬೇಸಿಗೆಯಲ್ಲಿ ಮೊಸರನ್ನವನ್ನು ಸ್ಟೀಲ್ ಬಟ್ಟಲಿನಲ್ಲಿ ಗಟ್ಟಿಯಾಗಿಸಿ ಕೊಡುವುದು. ನೆಕ್ಕಿ ಮುಗಿಸಲು ಇಪ್ಪತ್ತು ನಿಮಿಷ. (ಈರುಳ್ಳಿ ಹಾಕಿದ ಯಾವುದನ್ನೂ, ದ್ರಾಕ್ಷಿಯನ್ನು, ಒಣದ್ರಾಕ್ಷಿಯನ್ನು ನಾಯಿಗೆ ಕೊಡಬಾರದು. ಪಾಯಸದ ಮೇಲಿನ ಪ್ರೀತಿ ನಮಗೇ ಇರಲಿ.) ಬಾಗಿಲ ಹಿಂದೆ ಅಡಗಿ ಹೆಸರು ಕೂಗುವುದು. ಹದಿನೈದು ನಿಮಿಷ ಹುಡುಕಾಟದ ನಂತರ ಅವಳು ಮಲಗುವ ರೀತಿಯೇ ಬೇರೆ. ಓಡಿ ಬಂದಾಗ ಬಿದ್ದುಕೊಳ್ಳುತ್ತಿದ್ದಳು, ಈಗ ಮಲಗುತ್ತಾಳೆ.

ಮಿದುಳಿನ ಕಡೆಯಿಂದ ಇದಕ್ಕೆ ವಿವರಣೆಯಿದೆ. ಯಾಕ್ ಪ್ಯಾಂಕ್‌ಸೆಪ್ ಎಂಬ ನರವಿಜ್ಞಾನಿ ಸಸ್ತನಿಗಳ ಮಿದುಳಿನಲ್ಲಿ 'ಅರಸುವ' ವ್ಯವಸ್ಥೆಯೊಂದಿದೆ ಎಂದು ಗುರುತಿಸಿದ. ಸಿಕ್ಕಾಗ ಆಗುವ ಸುಖ ಬೇರೆ, ಹುಡುಕುವಾಗಿನ ಉಮೇದು ಬೇರೆ. ಡೋಪಮಿನ್ ಹೆಚ್ಚು ಓಡಾಡುವುದು ಎರಡನೆಯದರಲ್ಲಿ. ಬಟ್ಟಲಿನಲ್ಲಿ ಊಟ ಸುರಿದಾಗ ನಾಯಿಗೆ ಸಿಕ್ಕುವುದು ಸಿಕ್ಕಿತು, ಅರಸುವುದು ತಪ್ಪಿತು. ಒಂದೂವರೆ ನಿಮಿಷದಲ್ಲಿ ಊಟ ಮುಗಿದು ಉಳಿದ ಇಪ್ಪತ್ತಮೂರು ಗಂಟೆ ಐವತ್ತೆಂಟೂವರೆ ನಿಮಿಷ ಅದು ಏನು ಮಾಡಬೇಕು? ಪಂಚಾಂಗ ನೋಡಬೇಕು.

ಪೊಲೀಸ್ ಮತ್ತು ಸೈನ್ಯದ ಶ್ವಾನದಳಗಳಿಗೆ ಇದು ಗೊತ್ತಿಲ್ಲದ ಸಂಗತಿಯಲ್ಲ. ಸ್ಫೋಟಕ ಪತ್ತೆಹಚ್ಚುವ ನಾಯಿಗೆ ದೇಶಭಕ್ತಿಯೂ ಗೊತ್ತಿಲ್ಲ, ಬಾಂಬೂ ಗೊತ್ತಿಲ್ಲ. ಈ ವಾಸನೆ ಹುಡುಕಿ ಕೂತರೆ ಚೆಂಡು ಸಿಗುತ್ತದೆ, ತನ್ನ ಹ್ಯಾಂಡ್ಲರ್ ಜೊತೆ ಆಡಬಹುದು. ಅದಕ್ಕೆ ಗೊತ್ತಿರುವುದು ಅಷ್ಟೇ. ಅಮೆರಿಕದ ಸೌತ್ ಕೆರೊಲಿನಾದಲ್ಲಿ ಜಾನ್ ಪಿಲ್ಲಿ ಎಂಬ ನಿವೃತ್ತ ಮನಶ್ಶಾಸ್ತ್ರದ ಮೇಷ್ಟರು ಚೇಸರ್ ಎಂಬ ಬಾರ್ಡರ್ ಕಾಲಿ ನಾಯಿಗೆ 1,022 ಆಟಿಕೆಗಳ ಹೆಸರು ಕಲಿಸಿದರು. ಅವರು ಕೊಡುತ್ತಿದ್ದ ಸಂಬಳ ಮುಖ್ಯವಾಗಿ ಆಟ ಮತ್ತು ಮೆಚ್ಚುಗೆ. ಕುರಿ ಮಂದೆ ಸಿಗದ ಕುರಿನಾಯಿಗೆ ಮೇಷ್ಟರು ಶಬ್ದಗಳ ಮಂದೆ ಕೊಟ್ಟರು ಎನ್ನಬಹುದು. ದಿನಕ್ಕೆ ನಾಲ್ಕೈದು ಗಂಟೆ, ಮೂರು ವರ್ಷ ಅವರು ಕೂತದ್ದು ನಿಜ. ನಮಗೆ ನಿಮಗೆ ಅದು ಸಾಧ್ಯವಿಲ್ಲ, ಬೇಕಾಗಿಯೂ ಇಲ್ಲ.

ಈಗ ಎದುರುಮನೆಯ ಸಾಹೇಬರ ಆಕ್ಷೇಪಗಳು. "ತಿಂಡಿ ಕೊಟ್ಟು ಕಲಿಸೋದು ಲಂಚ ಅಲ್ವೇನ್ರಿ?" ಕೆಲಸಕ್ಕೆ ಮೊದಲು ಮೇಜಿನ ಕೆಳಗೆ ಕೊಡುವುದು ಲಂಚ. ಕೆಲಸವಾದ ಮೇಲೆ ಎಲ್ಲರೆದುರು ಕೊಡುವುದು ಸಂಬಳ. ಮೂವತ್ತು ವರ್ಷ ಸರ್ಕಾರಿ ಸೇವೆಯಲ್ಲಿದ್ದ ಸಾಹೇಬರಿಗೆ ಈ ವ್ಯತ್ಯಾಸ ನಾನು ವಿವರಿಸಬೇಕಾಗಿ ಬಂದದ್ದು ನನ್ನ ಅದೃಷ್ಟ.

"ನಮ್ಮಜ್ಜನ ಕಾಲದಲ್ಲಿ ಇದೆಲ್ಲ ಎಲ್ಲಿತ್ತು? ಮಿಕ್ಕಿದ್ದು ಹಾಕ್ತಿದ್ರು, ನಾಯಿ ಬಿದ್ದಿರ್ತಿತ್ತು." ಈ ಆಕ್ಷೇಪಕ್ಕೆ ತೂಕವಿದೆ, ಹಗುರವಾಗಿ ತಳ್ಳಿಹಾಕಬಾರದು. ಅಜ್ಜ ಗೋಣಿಚೀಲದಲ್ಲಿ ಊಟ ಬಚ್ಚಿಡಲಿಲ್ಲ, ನಿಜ. ಅಜ್ಜನ ನಾಯಿ ಬೆಳಿಗ್ಗೆ ಅವನ ಹಿಂದೆ ಗದ್ದೆಗೆ ಹೋಗುತ್ತಿತ್ತು. ಬದುವಿನ ಹೆಗ್ಗಣದ ಬಿಲ ಕೆರೆಯುತ್ತಿತ್ತು, ಕಣದ ಹತ್ತಿರ ಬಂದ ಮಂಗ ಓಡಿಸುತ್ತಿತ್ತು, ಪಕ್ಕದೂರಿನ ನಾಯಿಗಳ ಜೊತೆ ಗಡಿ ತಂಟೆ ತೀರಿಸಿಕೊಳ್ಳುತ್ತಿತ್ತು, ರಾತ್ರಿ ಕೊಟ್ಟಿಗೆ ಕಾಯುತ್ತಿತ್ತು. ಅದು ಬಿದ್ದಿರುತ್ತಿದ್ದದ್ದು ಪಾಳಿ ಮುಗಿದ ಮೇಲೆ. ಇಂದಿನ ಬೀದಿನಾಯಿಯನ್ನೇ ನೋಡಿ. ನಮ್ಮ ಗೇಟಿನ ಆಚೆ ಮಲಗುವ ಕರಿಯನಿಗೆ ಕಸದ ಗಾಡಿ ಬರುವ ಹೊತ್ತು, ಕೋಳಿ ಅಂಗಡಿಯ ರಜಾದಿನ, ಯಾರ ಮನೆಯಲ್ಲಿ ಯಾವ ವಾರ ಮಾಂಸ ಎಲ್ಲ ಗೊತ್ತು. ಅವನು ಯಾರ ಚಪ್ಪಲಿಯನ್ನೂ ಹರಿದದ್ದು ನಾನು ಕಂಡಿಲ್ಲ. ಅವನ ಬಾಳು ಸುಖದ್ದೆಂದಲ್ಲ. ಹಸಿವು, ಕಜ್ಜಿ, ವಾಹನ ಎಲ್ಲ ಇವೆ, ಬೇಸರವೊಂದಿಲ್ಲ. ಅಜ್ಜ ನಾಯಿಗೆ ಏನನ್ನೂ ಕೊಡಲಿಲ್ಲ ಎನ್ನುವುದು ಸರಿ, ಏನನ್ನೂ ಕಿತ್ತುಕೊಂಡೂ ಇರಲಿಲ್ಲ. ನಾವು ಊರು, ಗದ್ದೆ, ಹೆಗ್ಗಣ, ಗಡಿ ಎಲ್ಲ ಕಿತ್ತುಕೊಂಡು ಮೂವತ್ತು-ನಲವತ್ತರ ಸೈಟಿನ ಮನೆಯಲ್ಲಿ ಬೆಲ್ಟು ಹಾಕಿದ್ದೇವೆ. ಕಿತ್ತುಕೊಂಡದ್ದರಲ್ಲಿ ಒಂದು ಚೂರನ್ನು ಗೋಣಿಚೀಲದಲ್ಲಿ ಹಿಂದಿರುಗಿಸುತ್ತಿದ್ದೇವೆ, ಅಷ್ಟೇ.

ಓಟ ಬೇಡವೇ ಎಂದರೆ, ಬೇಕು. ಓಡುವ ಜೀವಕ್ಕೆ ಓಟ ಬೇಕೇ ಬೇಕು. 16 ಲ್ಯಾಬ್ರಡಾರ್‌ಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಹೊಸ ಪಾಠ ಕಲಿತ ಮೇಲೆ ಅರ್ಧ ಗಂಟೆ ಆಡಿದ ನಾಯಿಗಳು ಸುಮ್ಮನೆ ಮಲಗಿದ್ದವುಗಳಿಗಿಂತ ಮರುದಿನ ಅದೇ ಪಾಠವನ್ನು ಕಡಿಮೆ ಪ್ರಯತ್ನಗಳಲ್ಲಿ ಒಪ್ಪಿಸಿದವು. ಆ ಆಟದಲ್ಲಿ ನಡಿಗೆಯೂ ಇತ್ತು, ಎಸೆದದ್ದನ್ನು ತರುವ ಓಟವೂ ಇತ್ತು. ಓಟ ಪಾಠದ ಜೊತೆಗಾರನಾಗಿ ಬಂದರೆ ಸ್ವಾಗತ. ಪಾಠಕ್ಕೆ ಬದಲಿಯಾಗಿ ಬಂದಾಗ ನನ್ನ ವಿರೋಧ. ಇನ್ನೊಂದು ಎಚ್ಚರಿಕೆಯೂ ಇದೆ. ಒಂಟಿಯಾಗಿ ಬಿಟ್ಟರೆ ಹೆದರಿ ಬಾಗಿಲು ಪರಚುವ ನಾಯಿಗೆ, ಕಿವಿಯಲ್ಲೋ ಹೊಟ್ಟೆಯಲ್ಲೋ ನೋವಿಟ್ಟುಕೊಂಡು ಸಿಡುಕುವ ನಾಯಿಗೆ ಇಡ್ಲಿ ತಟ್ಟೆ ಮದ್ದಲ್ಲ, ವೈದ್ಯರ ಹತ್ತಿರ ಹೋಗಬೇಕು. ಆಟದ ಹೆಸರಿನಲ್ಲಿ ಸಾವಿರಾರು ರೂಪಾಯಿಯ ಪ್ಲಾಸ್ಟಿಕ್ ಒಗಟುಗಳನ್ನು ಮಾರುವ ಅಂಗಡಿಗಳ ಪರವಾಗಿಯೂ ನಾನು ಮಾತಾಡುತ್ತಿಲ್ಲ. ಆಟಿಕೆ ಎಸೆದು ಮೊಬೈಲು ಹಿಡಿದು ಕೂತರೆ ನಾಯಿಗೆ ಅದು ಇನ್ನೊಂದು ಬಟ್ಟಲು. ಎದುರಿಗೆ ನೀವಿರಬೇಕು.

"ಟೈಮಿಲ್ಲ" ಎಂಬುದಕ್ಕೆ ನನ್ನಲ್ಲಿ ಸೌಜನ್ಯದ ಉತ್ತರವಿಲ್ಲ. ಪ್ರಾಣಿಹಿಂಸೆ ತಡೆ ಕಾಯ್ದೆ ಬಂದದ್ದು 1960ರಲ್ಲಿ. ಅದರ 11ನೆಯ ಕಲಮು ಹೊಡೆಯುವುದನ್ನು ಮಾತ್ರ ಕ್ರೌರ್ಯ ಎನ್ನುವುದಿಲ್ಲ. ಗಿಡ್ಡ ಸರಪಳಿಯಲ್ಲಿ ಅಕಾರಣ ಹೊತ್ತುಗಟ್ಟಲೆ ಕಟ್ಟಿಹಾಕುವುದನ್ನೂ, ಸದಾ ಕಟ್ಟಿಯೋ ಕೂಡಿಯೋ ಇಟ್ಟ ನಾಯಿಯನ್ನು ತಕ್ಕಮಟ್ಟಿಗೆ ಆಡಿಸಿ ಓಡಾಡಿಸದೆ ಬಿಡುವುದನ್ನೂ ಅದೇ ಪಟ್ಟಿಗೆ ಸೇರಿಸುತ್ತದೆ. ಆ ಕಲಮು ನಮ್ಮ ಬೀದಿಯಲ್ಲಿ ಜಾರಿಗೆ ಬಂದರೆ ಮನೆಗೊಂದು ಸಮನ್ಸು ಬಂದೀತು. ದಿನಕ್ಕೆ ಕಾಲು ಗಂಟೆ ಎರಡು ಸಲ ಇಲ್ಲದವರು ನಾಯಿ ತರಬಾರದು. ಅಕ್ವೇರಿಯಮ್ಮಿಗೂ ಅಷ್ಟು ಸಮಯ ಬೇಕು.

ಹೋದ ತಿಂಗಳು ಸಾಹೇಬರ ಮಗ ಬೆಂಗಳೂರಿನಿಂದ ಒಂದು ಬೀಗಲ್ ಮರಿ ತಂದು ಅಪ್ಪನ ಮಡಿಲಿಗೆ ಹಾಕಿ ಹೋದ. ಎರಡು ವಾರ ಸಾಹೇಬರು ಬೆಳಿಗ್ಗೆ ಅದನ್ನು ಎಳೆದುಕೊಂಡು ರೌಂಡು ಹೊಡೆದರು. ಅದು ಪ್ರತಿ ಕಂಬದ ಹತ್ತಿರ ಕೂತು ಇವರನ್ನು ಸುಸ್ತು ಮಾಡಿತು. ಮೊನ್ನೆ ಸಂಜೆ ಗೇಟಿನ ಹತ್ತಿರ ಬಂದು, ಬೇರೇನೋ ಕೇಳಲು ಬಂದವರಂತೆ ನಿಂತು, "ಅಮ್ಮಾವ್ರು ಆ ಚೀಲದಲ್ಲಿ ಏನೇನು ತುಂಬ್ತಾರೆ?" ಅಂದರು. ಒಂದು ಗೋಣಿಚೀಲ ಕೊಟ್ಟೆ. ಅದರ ಬಾಯಿ ಕಟ್ಟಿದ್ದು ಆ ಚೋಕ್ ಚೈನಿನಿಂದ. ಮನೆಯಲ್ಲಿ ಬೇರೆ ದಾರ ಸಿಗಲಿಲ್ಲ.